ಅಪ್‌ಡೇಟ್: ಹಳೇ ಮೋಟರ್‌ಹೋಮ್ ಕೊನೆಗೂ ಸಿಕ್ಕಿತು

ಎರಡು ವಾರದ ಹಿಂದೆ ಕೇಳಿದ್ದೆ: ಇಂಗ್ಲೆಂಡಿನಲ್ಲಿದ್ದೇವೆ, ಕೈಯಲ್ಲಿರುವುದು 12 ಸಾವಿರ ಪೌಂಡ್, ನಾಲ್ಕು ಜನ ಮಲಗುವಂಥ, ಒಳಗೇ ಹಾಸಿಗೆ-ಅಡುಗೆಮನೆ ಇರುವ ಗಾಡಿ, ಅಂದರೆ ಹಳೇ ಮೋಟರ್‌ಹೋಮ್ ಹೇಗೆ ಆರಿಸುವುದು ಅಂತ. ಮೊನ್ನೆ ಶನಿವಾರ ತಗೊಂಡೆವು. 2002ರ ಫಿಯಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ ಗಾಡಿ.

"ಎಂಜಿನ್‌ಗಿಂತ ಮೊದಲು ತೇವ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಮೊದಲು ನೋಡಿದ ಗಾಡಿ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಹಿಂದಿನ ಮೂಲೆಯಲ್ಲಿ ಹಾಸಿಗೆ ಎತ್ತಿ ಗೋಡೆಗೆ ಹೆಬ್ಬೆರಳು ಒತ್ತಿದೆ. ಚಹಾದಲ್ಲಿ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು! ತೇವದ ಮೀಟರ್ ಹಚ್ಚಿದರೆ ಶೇಕಡಾ 30 ದಾಟಿತ್ತು. ಒಳಗಿನ ಮರದ ಚೌಕಟ್ಟು ಕೊಳೆತರೆ ರಿಪೇರಿಗೆ ಸಾವಿರಾರು ಪೌಂಡ್ ಬೇಕು. ಬಿಟ್ಟು ಬಂದೆವು. "ಮೂಸಿ ನೋಡಿದರೆ ಗೊತ್ತಾಗುತ್ತೆ" ಅನ್ನುವ ಸಲಹೆ ಮಾತ್ರ ಫಲಿಸಲಿಲ್ಲ. ಒಳಗೆಲ್ಲ ಸುಗಂಧದ ಡಬ್ಬಿ ಇಟ್ಟಿದ್ದರು.

ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ಇಲ್ಲಿ ವರ್ಷವರ್ಷ ಮಾಡುವ ಪರೀಕ್ಷೆಯ ಇತಿಹಾಸವೂ ತುಂಬ ಉಪಯೋಗಕ್ಕೆ ಬಂತು. ಸರ್ಕಾರಿ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಸಾಕು, ಪುಕ್ಕಟೆ ಸಿಗುತ್ತೆ.

ಗೊತ್ತೇ ಇಲ್ಲದಿದ್ದ ವಿಷಯ ಎರಡು. ತಗೊಂಡ ಗಾಡಿಯ ಟೈರ್ ಹೊಸದರಂತೆ ಕಾಣುತ್ತಿತ್ತು, ಪಕ್ಕದಲ್ಲಿ 1114 ಅಂತಿತ್ತು. ಅಂದರೆ 2014ರ 11ನೇ ವಾರ ತಯಾರಾದದ್ದು. ಅದನ್ನು ತೋರಿಸಿ 400 ಪೌಂಡ್ ಇಳಿಸಿದೆ. ಇನ್ನೊಂದು ತೂಕ. ನನ್ನ ಲೈಸೆನ್ಸಿಗೆ ಗಾಡಿ, ಸಾಮಾನು, ನೀರು ಎಲ್ಲ ಸೇರಿ 3,500 ಕಿಲೋ ಮಿತಿ. 100 ಲೀಟರ್ ನೀರು ಅಂದರೆ 100 ಕಿಲೋ ಅಲ್ವಾ? ಹಾಗಾಗಿ ಟ್ಯಾಂಕ್ ಕಾಲು ಭಾಗ ತುಂಬಿಸಿಕೊಂಡು ಮುಂದಿನ ವಾರ ವೇಲ್ಸ್ ಕಡೆ ಹೊರಡುತ್ತೇವೆ.