ಸಹಾಯ ಬೇಕು: ಕ್ರಿಸ್‌ಮಸ್ ವಾರ ನಮ್ಮ ಥೆರಪಿ ನಾಯಿ ಜೊತೆ ಬರಲು ಒಬ್ಬರು

ನಮಸ್ಕಾರ. ನಮ್ಮ ಲ್ಯಾಬ್ರಡಾರ್ ಥೆರಪಿ ನಾಯಿ, ಅಂದರೆ ಜನರಿಗೆ ಸಮಾಧಾನ ಕೊಡಲು ಭೇಟಿಗೆ ಹೋಗುವ ನಾಯಿ. ಅವಳಿಗೆ ಕ್ರಿಸ್‌ಮಸ್ ವಾರ ಪೂರ್ತಿ ಕೆಲಸ: ವೃದ್ಧಾಶ್ರಮ, ಮಕ್ಕಳ ವಾರ್ಡು, ಅಪಾರ್ಟ್‌ಮೆಂಟಿನ ಕೇಕ್ ಕಾರ್ಯಕ್ರಮ. ನನಗಿಂತ ಅವಳೇ ಬಿಜಿ! ಲೀಶ್ ನಾನೇ ಹಿಡಿಯುತ್ತೇನೆ. ಜನರನ್ನು ಸಂಭಾಳಿಸಲು ಇನ್ನೊಬ್ಬರು ಬೇಕು.

ಪ್ಲಮ್ ಕೇಕ್ ತಿನ್ನಿಸಲು ಬರುವವರನ್ನು ತಡೆಯುವುದೇ ದೊಡ್ಡ ಕೆಲಸ. ಅದರಲ್ಲಿರುವ ಒಣದ್ರಾಕ್ಷಿಯಿಂದ ನಾಯಿಯ ಕಿಡ್ನಿಯೇ ಹಾಳಾಗಬಹುದು, ಚಾಕೊಲೇಟೂ ವಿಷ. ಹೇಳಿದರೆ "ಒಂದು ಚೂರು ತಾನೇ" ಅಂತಾರೆ.

ಇನ್ನೊಂದು ಪ್ರಶ್ನೆ. ದಿನಕ್ಕೆ ಎರಡು ಭೇಟಿ ಜಾಸ್ತಿ ಆಗುತ್ತದಾ? ಮೊನ್ನೆ ಸ್ವಲ್ಪ ಹೊತ್ತಿಗೇ ಆಕಳಿಸುತ್ತಾ, ತುಟಿ ನೆಕ್ಕುತ್ತಾ ಮುಖ ತಿರುಗಿಸಿದಳು. ಅದು ನಿದ್ದೆ ಅಲ್ಲ, ಸಾಕಾಗಿದೆ ಅನ್ನುವ ಸೂಚನೆ ಅಲ್ವಾ? ಅನುಭವ ಇರುವವರು ಹೇಳಿ.

ಬೆಂಗಳೂರಿನ ಜಯನಗರ, ಬಸವನಗುಡಿ ಕಡೆಯವರಾದರೆ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಬಟ್ಟೆಗೆ ಕೂದಲು ಅಂಟುತ್ತದೆ, ಮೊದಲೇ ಹೇಳಿದ್ದೇನೆ.