ಮೂರು ಇಸಿಯುಗಳಲ್ಲಿ ಯು0121 ಕೋಡ್: ಎಬಿಎಸ್ ಮಾಡ್ಯೂಲ್ ಬದಲಿಸಲೇಬೇಕೇ?

ಕರಾವಳಿ ಸವಾರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನನ್ನದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಈ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ತೊಂದರೆ ಶುರುವಾಗಿದೆ. ಹಂಪ್ ದಾಟುವಾಗ, ಇಲ್ಲವೇ ಪಾರ್ಕಿಂಗ್ ಮಾಡಲು ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಪವರ್ ಸ್ಟೀರಿಂಗ್ ದೀಪವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಓಡುತ್ತಿರುವಾಗಲೇ ಹೀಗಾದರೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿದಾಗ ಇಂಜಿನ್ ಇಸಿಯು (ನಿಯಂತ್ರಣ ಕಂಪ್ಯೂಟರ್), ಪವರ್ ಸ್ಟೀರಿಂಗ್ ಮತ್ತು ಮೀಟರ್ ಕ್ಲಸ್ಟರ್ ಮೂರರಲ್ಲೂ ಯು0121 ಎಂಬ ಕೋಡ್ ಸಿಕ್ಕಿದ್ದು, ಎಬಿಎಸ್ ಮಾಡ್ಯೂಲನ್ನೇ ಬದಲಿಸಬೇಕೆಂದು ಹೇಳಿದ್ದಾರೆ. ನನ್ನಲ್ಲಿರುವ ಬ್ಲೂಟೂತ್ ಒಬಿಡಿ ಅಡಾಪ್ಟರಿನಲ್ಲಿ (ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ದೋಷದ ಕೋಡ್ ಓದುವ ಸಾಧನ) ಇಂಜಿನ್ನಿನ ಕೋಡ್ ಮಾತ್ರ ಕಾಣುತ್ತದೆ. ಇಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದಾದದ್ದು ಏನಾದರೂ ಇದೆಯೇ?

ವೈರಿಂಗ್ ಮೇಷ್ಟ್ರು:
ಸರ್, ದಯವಿಟ್ಟು ಈಗಲೇ ಮಾಡ್ಯೂಲ್ ತರಿಸಬೇಡಿ. ಯು0121 ಎಂದರೆ ಎಬಿಎಸ್ ಮಾಡ್ಯೂಲಿನೊಂದಿಗೆ ಸಂಪರ್ಕ ತಪ್ಪಿತು ಎಂದಷ್ಟೇ ಅರ್ಥ, ಅದು ಕೆಟ್ಟಿದೆ ಎಂದಲ್ಲ. ಸ್ಪೀಡೋಮೀಟರ್ ಸೊನ್ನೆಗೆ ಬೀಳುವುದೂ ಸ್ಟೀರಿಂಗ್ ದೀಪ ಹೊತ್ತುವುದೂ ಇದರ ಪರಿಣಾಮವೇ. ಚಕ್ರಗಳ ವೇಗವನ್ನು ಅಳೆದು ಕ್ಯಾನ್ ಬಸ್ (ಮಾಡ್ಯೂಲ್‌ಗಳು ಪರಸ್ಪರ ಮಾಹಿತಿ ಕಳಿಸುವ ಜೋಡಿ ತಂತಿ) ಮೂಲಕ ಉಳಿದವರಿಗೆ ತಿಳಿಸುವ ಕೆಲಸ ನಿಮ್ಮಂತಹ ಕಾರುಗಳಲ್ಲಿ ಸಾಮಾನ್ಯವಾಗಿ ಎಬಿಎಸ್‌ನದೇ ಆಗಿರುವುದರಿಂದ, ಅದು ಮೌನವಾದರೆ ಉಳಿದ ಮೂವರೂ ಒಂದೇ ದೂರು ಬರೆದಿಡುತ್ತಾರೆ.

ಮೂರೂ ಮಾಡ್ಯೂಲ್‌ಗಳು ಒಬ್ಬನ ಮೇಲೆಯೇ ದೂರು ಹೇಳುತ್ತಿವೆ, ಪರಸ್ಪರ ದೂರುತ್ತಿಲ್ಲ ಎಂಬುದನ್ನು ಗಮನಿಸಿ. ಬಸ್ಸಿನ ಮುಖ್ಯ ತಂತಿಗಳೇ ಶಾರ್ಟ್ ಆಗಿದ್ದರೆ ಬೇರೆ ಮಾಡ್ಯೂಲ್‌ಗಳ ಸಂಪರ್ಕ ತಪ್ಪಿದೆ, ಬಸ್ಸೇ ನಿಂತಿದೆ ಎನ್ನುವ ಯು0100, ಯು0140, ಯು0073 ಮೊದಲಾದ ಕೋಡ್‌ಗಳು ಹಿಂಡಾಗಿ ಬರುತ್ತಿದ್ದವು. ಹಾಗಾಗಿ ಹುಡುಕಾಟ ಮೂರು ಜಾಗಗಳಿಗೆ ಇಳಿಯುತ್ತದೆ: ಎಬಿಎಸ್‌ಗೆ ಹೋಗುವ ವಿದ್ಯುತ್ ಪೂರೈಕೆ, ಅದರ ಅರ್ಥಿಂಗ್ (ಕಾರಿನ ಬಾಡಿಗೆ ಸೇರುವ ನೆಗೆಟಿವ್ ತಂತಿ), ಮತ್ತು ಅದರ ಕನೆಕ್ಟರಿನವರೆಗೆ ಬರುವ ಕ್ಯಾನ್ ತಂತಿಗಳ ಕವಲು. ಈ ಮೂರೂ ಸರಿಯಿವೆ ಎಂದು ಸಾಬೀತಾದ ಮೇಲಷ್ಟೇ ಮಾಡ್ಯೂಲಿನ ಮಾತು.

ನೀವು ಕೊಟ್ಟ ಲಕ್ಷಣಗಳಲ್ಲೇ ಸುಳಿವಿದೆ. ಹಂಪಿನಲ್ಲಿ ತಂತಿ ಅಲುಗುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಅದರ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಅಲುಗಾಟಕ್ಕೂ ಲೋಡಿಗೂ ಒಂದೇ ತೊಂದರೆ ಕಾಣಿಸಿಕೊಳ್ಳುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಅರ್ಥಿಂಗ್ ಬೋಲ್ಟನ್ನು. ಕರಾವಳಿಯ ಉಪ್ಪು ಗಾಳಿಯಲ್ಲಂತೂ ಬ್ಯಾಟರಿ ಟ್ರೇ ಕೆಳಗಿನ ಬೋಲ್ಟ್ ಹೊರಗಿನಿಂದ ಗಟ್ಟಿಯಾಗಿ ಕಂಡರೂ ರಿಂಗ್ ಟರ್ಮಿನಲ್ಲಿನ (ತಂತಿಯ ತುದಿಯ ಲೋಹದ ಉಂಗುರ) ಅಡಿಯಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ.

ಹಳೇ ಗ್ಯಾರೇಜು:
ಮೇಷ್ಟ್ರ ಮಾತಿಗೆ ಪರೀಕ್ಷೆಯ ವಿಧಾನವನ್ನು ಸೇರಿಸುತ್ತೇನೆ. ಮೊದಲು ಕೋಡ್‌ಗಳನ್ನು ಅಳಿಸಬೇಡಿ. ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ಅಳತೆಗಳ ದಾಖಲೆ) ಇದ್ದರೆ ಆ ಕ್ಷಣದ ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು ಎಂದು ಬರೆದುಕೊಳ್ಳಿ. ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಇದೇ ಸರಿಯಿಲ್ಲದಿದ್ದರೆ ಮುಂದಿನ ಪರೀಕ್ಷೆಗಳಿಗೆ ಬೆಲೆಯಿಲ್ಲ.

ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವಿನ ರೋಧವನ್ನು ಅಳೆಯಿರಿ. ಬಸ್ಸಿನ ಎರಡು ತುದಿಗಳಲ್ಲೂ 120 ಓಮ್‌ನ ಟರ್ಮಿನೇಟರ್ (ತುದಿಯ ರೋಧಕ) ಇರುವುದರಿಂದ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದುಹೋಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳೂ ಒಂದಕ್ಕೊಂದು ತಾಗಿವೆ. ಸಾಕೆಟ್ಟಿಗೂ ಬಸ್ಸಿಗೂ ನಡುವೆ ಗೇಟ್‌ವೇ (ಎರಡನ್ನೂ ಬೇರ್ಪಡಿಸಿ ಮಾಹಿತಿ ದಾಟಿಸುವ ಮಾಡ್ಯೂಲ್) ಇರುವ ಕಾರುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಅರ್ಥಿಂಗ್ ಪರೀಕ್ಷೆಯಲ್ಲಿ ಮೆಕ್ಯಾನಿಕ್‌ಗಳೂ ಎಡವುತ್ತಾರೆ. ಮಲ್ಟಿಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ತಂತಿಯ ಒಂದೇ ಎಳೆ ಉಳಿದಿದ್ದರೂ ಅದು ಪೂರ್ತಿ 12 ವೋಲ್ಟ್ ತೋರಿಸಿ, ಸಂಪರ್ಕ ಚೆನ್ನಾಗಿದೆ ಎಂದು ನಂಬಿಸುತ್ತದೆ. ಕೀ ಆಫ್ ಮಾಡಿ, ಎಬಿಎಸ್ ಕನೆಕ್ಟರ್ ಬಿಚ್ಚಿ, ಬ್ಯಾಟರಿಯನ್ನು ಮತ್ತೆ ಜೋಡಿಸಿ. ಬ್ಯಾಟರಿ ಪಾಸಿಟಿವ್‌ಗೂ ಹಾರ್ನೆಸ್ಸಿನ (ಬಿಚ್ಚಿದ ಕನೆಕ್ಟರಿನ ತಂತಿ ಕಟ್ಟಿನ ಬದಿ) ಅರ್ಥಿಂಗ್ ಪಿನ್ನಿಗೂ ನಡುವೆ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಹಾಕಿ ನೋಡಿದರೆ ನಾಲ್ಕೂವರೆ ಆಂಪಿಯರ್‌ನಷ್ಟು ಲೋಡ್ ಬೀಳುತ್ತದೆ. ಬಲ್ಬ್ ಪೂರ್ತಿ ಬೆಳಗಬೇಕು, ಮತ್ತು ಆಗ ಅರ್ಥಿಂಗ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಕಾಣಿಸಬಾರದು. ದಪ್ಪ ಪ್ರೋಬನ್ನು ಟರ್ಮಿನಲ್ಲಿನ ಬಾಯಿಗೆ ತುರುಕಬೇಡಿ. ಅದು ಅಗಲವಾದರೆ ಇಲ್ಲದ ತೊಂದರೆಯೊಂದನ್ನು ನೀವೇ ಹುಟ್ಟಿಸಿದಂತಾಗುತ್ತದೆ. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರ್‌ಗಳನ್ನಂತೂ ಮುಟ್ಟಲೇಬೇಡಿ.

ಘಟ್ಟದ ಮೇಲಿನವ:
ಮಾಡ್ಯೂಲ್ ಕೆಡುವುದೇ ಇಲ್ಲ ಎನ್ನುವಂತೆ ಚರ್ಚೆ ಸಾಗುತ್ತಿದೆ. ಒಳಗಿನ ಸರ್ಕ್ಯೂಟ್ ಬೋರ್ಡಿನ ಬೆಸುಗೆ ಬಿರುಕು ಬಿಟ್ಟರೂ ಹಂಪಿನಲ್ಲಿ ಇದೇ ರೀತಿ ಆಗುತ್ತದೆ. ಎಬಿಎಸ್ ಒಳಹೊಕ್ಕು ಓದಬಲ್ಲ ಸ್ಕ್ಯಾನರಿನಲ್ಲಿ ಅದರದೇ ಕೋಡ್‌ಗಳನ್ನೂ ನೋಡಬೇಕು: ಕಡಿಮೆ ವೋಲ್ಟೇಜಿನ ಕೋಡ್ ಇದ್ದರೆ ಪೂರೈಕೆಯ ಕಡೆಗೂ, ಆಂತರಿಕ ದೋಷದ ಕೋಡ್ ಇದ್ದರೆ ಮಾಡ್ಯೂಲಿನ ಕಡೆಗೂ ಬೆರಳು ತೋರಿಸುತ್ತದೆ. ಹಾಗೆಯೇ, ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಕ್ಯಾಮೆರಾಗಳಿಗೆ ಎಲ್ಲಿಂದ ತಂತಿ ಕಡಿದು ಜೋಡಿಸಿದ್ದಾರೆ ಎಂಬುದನ್ನೂ, ಬಾನೆಟ್ ಒಳಗೆ ಇಲಿ ಕಡಿದ ಗುರುತಿದೆಯೇ ಎಂಬುದನ್ನೂ ನೋಡಿ.

ಕರಾವಳಿ ಸವಾರ:
ಎಲ್ಲರಿಗೂ ಧನ್ಯವಾದಗಳು. ಪರಿಚಯದ ಎಲೆಕ್ಟ್ರಿಷಿಯನ್ ಜೊತೆ ಕುಳಿತು ಪರೀಕ್ಷಿಸಿದೆ. 6 ಮತ್ತು 14ರ ನಡುವೆ 60 ಓಮ್ ಬಂದಿತು, ಫ್ಯೂಸ್‌ಗಳೂ ಸರಿಯಿವೆ. ಅವರ ಸ್ಕ್ಯಾನರಿನಲ್ಲಿ ಎಬಿಎಸ್ ಒಳಗೆ ಕಡಿಮೆ ವೋಲ್ಟೇಜಿನ ಹಳೆಯ ದಾಖಲೆಯೊಂದು ಮಾತ್ರ ಕಂಡಿತು. ಆದರೆ ಬಲ್ಬ್ ಕೆಂಪಗೆ ಮಿಣುಕಿತು, ತಂತಿಯನ್ನು ಅಲುಗಿಸಿದರೆ ಆರಿಯೂ ಹೋಗುತ್ತಿತ್ತು. ಬೋಲ್ಟ್ ಬಿಚ್ಚಿ ಸ್ವಚ್ಛ ಮಾಡಿದರೆ ಸಾಕೇ, ತಂತಿಯನ್ನೂ ಬದಲಿಸಬೇಕೇ?

ವೈರಿಂಗ್ ಮೇಷ್ಟ್ರು:
ಬೋಲ್ಟ್ ಬಿಚ್ಚಿದಾಗ ರಿಂಗ್ ಟರ್ಮಿನಲ್ ಸೇರುವ ಜಾಗದಲ್ಲಿ ಇನ್ಸುಲೇಷನ್ನನ್ನು ಸ್ವಲ್ಪ ಹಿಂದೆ ಸರಿಸಿ ತಾಮ್ರವನ್ನು ನೋಡಿ. ಹೊಳಪಿದ್ದರೆ ಟರ್ಮಿನಲ್ಲಿನ ಮುಖವನ್ನೂ ಬಾಡಿಯ ಲೋಹವನ್ನೂ ಬರಿಯ ಲೋಹ ಕಾಣುವಂತೆ ಉಜ್ಜಿ, ಬಿಗಿಗೊಳಿಸಿ, ಆಮೇಲೆ ಮೇಲಿನಿಂದ ಗ್ರೀಸ್ ಹಚ್ಚಿದರೆ ಸಾಕು. ತಾಮ್ರ ಕಪ್ಪಾಗಿದ್ದರೆ ಕಿಲುಬು ಒಳಕ್ಕೆ ಏರಿದೆ ಎಂದರ್ಥ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಂತಿಯನ್ನು ಕೂಡಿಸಿ ಹೊಸ ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿಸಿ. ಮತ್ತೆ ಅದೇ ಬಲ್ಬ್ ಪರೀಕ್ಷೆ ಮಾಡಿ, ಬಲ್ಬ್ ಪೂರ್ತಿ ಬೆಳಗಿದ ನಂತರವೇ ಕೋಡ್‌ಗಳನ್ನು ಅಳಿಸಿ, ಅದೇ ಹಂಪ್‌ಗಳ ಮೇಲೆ ಓಡಿಸಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.