ಖಾಲಿ ಮಾಡಿ ಹೋದವರ ಸಾಲಕ್ಕೆ ನಮ್ಮ ಮನೆ ಗೇಟ್ ಬಡಿಯುತ್ತಿದ್ದಾರೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ನಾನು, ಅಮ್ಮ. ಮೇಲಿನದು ಬಾಡಿಗೆಗೆ. ಹಿಂದೆ ಇದ್ದವರು ಮಾರ್ಚ್‌ನಲ್ಲಿ ಖಾಲಿ ಮಾಡಿದರು. ಎರಡು ತಿಂಗಳ ಬಾಡಿಗೆ, ಕರೆಂಟ್ ಬಿಲ್ ಬಾಕಿ ಇತ್ತು. ಅಡ್ವಾನ್ಸ್‌ನಲ್ಲಿ ಮುರಿದುಕೊಂಡೆವು. ಅದು ಮುಗಿದ ಮಾತು.

ಈಗಿನ ತೊಂದರೆ ಬೇರೆ. ಅವರು ಬೈಕ್ ಸಾಲಕ್ಕೆ ನಮ್ಮ ಮನೆ ವಿಳಾಸ ಕೊಟ್ಟಿದ್ದಾರೆ. ವಾರಕ್ಕೆ ಎರಡು ಸಲ ವಸೂಲಿಯವರು ಬರುತ್ತಾರೆ. ಮೊನ್ನೆ ರಾತ್ರಿ ಎಂಟೂವರೆಗೆ ಬಂದು ಗೇಟ್ ಬಡಿದರು. ಅಮ್ಮನಿಗೆ 72 ವರ್ಷ. ಆ ರಾತ್ರಿ ಅವರು ನಿದ್ದೆಯೇ ಮಾಡಲಿಲ್ಲ. ಮೇಲೆ ಹೊಸದಾಗಿ ಬಂದವರೂ ಹೆದರಿದ್ದಾರೆ.

ನಾನು ಜಾಮೀನು ಹಾಕಿಲ್ಲ, ಹಾಗಾಗಿ ಆ ಸಾಲ ನನ್ನ ತಲೆಗೆ ಬರಲ್ಲ ಅಂತ ಗೊತ್ತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಅಂತ ಸಾಲಗಾರರಿಗೇ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇದನ್ನೆಲ್ಲ ಹೇಳಿದರೂ ಬಂದವರು ಕೇಳುವುದಿಲ್ಲ.

ಬಾಡಿಗೆ ಕರಾರು, ಖಾಲಿ ಮಾಡಿದ ದಿನ ಬರೆಸಿಕೊಂಡ ಪತ್ರ ನನ್ನ ಹತ್ತಿರ ಇವೆ. ಸಾಲ ಕೊಟ್ಟ ಕಂಪನಿಯಿಂದ ನಮ್ಮ ವಿಳಾಸ ತೆಗೆಸುವುದು ಹೇಗೆ? ಮೊದಲೇ ಪೊಲೀಸ್ ಠಾಣೆಗೆ ಹೋಗುವುದು ಒಳ್ಳೆಯದಾ? ಖಾಲಿ ಮಾಡಿ ಹೋದವರ ಹೊಸ ನಂಬರ್ ನನಗೆ ಗೊತ್ತು. ಆದರೆ ಅವರಿಗೆ ಚಿಕ್ಕ ಮಗು ಇದೆ, ಕೊಡಲು ಮನಸ್ಸು ಬರುತ್ತಿಲ್ಲ. ಇಂಥದ್ದನ್ನು ಎದುರಿಸಿದವರು ಇದ್ದರೆ ದಯವಿಟ್ಟು ತಿಳಿಸಿ.